ಯುದ್ಧಕ್ಕೆ ಬೇಡ, ಬೇಟೆಗೆ ಬೇಕು: ಒಂದು ಗುಂಡಿನ ಕಥೆ

ಲೋಣಾವಳಾದಲ್ಲಿ ಕೂತು ಆಫ್ರಿಕಾದ ಬೇಟೆಯ ಗುಂಡಿನ ಬಗ್ಗೆ ಬರೆಯುತ್ತಿದ್ದೇನೆ ಅಂದರೆ ನಗಬೇಡಿ. ವಿಷಯ ಅಷ್ಟು ದೂರದ್ದೇನಲ್ಲ. ಇಲ್ಲಿಂದ ಪುಣೆಗೆ ಲೋಕಲ್‌ನಲ್ಲಿ ಹೋಗುವಾಗ ಶಿವಾಜಿನಗರಕ್ಕೆ ಮುಂಚೆ ಖಡಕಿ ಸ್ಟೇಷನ್ ಬರುತ್ತದಲ್ಲ, ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಯನ್ನು ಬ್ರಿಟಿಷರು ಶುರುಮಾಡಿದ್ದು 1869ರಲ್ಲಿ. ತೋಟಾದ ಹಿತ್ತಾಳೆ ತಳದಲ್ಲಿ ‘ಕೆ.ಎಫ್.’ ಅಂತ ಒತ್ತಿದ್ದರೆ ಅದು ಕಿರ್ಕೀ ಫ್ಯಾಕ್ಟರಿ, ಅಂದರೆ ನಮ್ಮ ಖಡಕಿ.

ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಹೆಗಲಿಗೆ ಹಾಕಿಕೊಂಡು ನಿಲ್ಲುವ ಜೋಡಿ ನಳಿಗೆ ಕೋವಿಯನ್ನು ನೀವೂ ನೋಡಿರುತ್ತೀರಿ. ಅದು 12 ಬೋರ್. ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಳತೆಯ 12 ಗುಂಡು ಎರಕ ಹೊಯ್ಯಬಹುದು ಅನ್ನುವುದೇ ಆ ಹೆಸರಿನ ಲೆಕ್ಕ. ಸಂಖ್ಯೆ ಕಮ್ಮಿಯಾದಷ್ಟೂ ಗುಂಡು ದೊಡ್ಡದು. ನಮ್ಮ ಚಾಮರಾಜನಗರದ ಕಡೆ 1870ರ ದಶಕದಲ್ಲಿ ಆನೆ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಆನೆ, ಕಾಟಿಗಳಿಗೆ 4 ಬೋರ್ ಬಳಸುತ್ತಿದ್ದ. ಕಾಲು ಪೌಂಡಿನ ಒಂದೊಂದು ಗುಂಡು! ಆಗಿನದು ಕರಿಮದ್ದಿನ ಕಾಲ, ವೇಗ ಸಿಗುತ್ತಿರಲಿಲ್ಲ, ಹಾಗಾಗಿ ತೂಕವೇ ಗತಿ. ದಪ್ಪ ಚರ್ಮದ ಪ್ರಾಣಿಗೆ ಸೀಸಕ್ಕೆ ತವರ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಜಿಂಕೆ, ಕಡವೆಗೆ ಮೆತ್ತನೆಯ ಸೀಸ ಸಾಕಾಗುತ್ತಿತ್ತು.

1890ರ ಸುಮಾರಿಗೆ ಹೊಗೆಯಿಲ್ಲದ ಮದ್ದು ಬಂದ ಮೇಲೆ ಗುಂಡು ಸಣ್ಣದಾಯಿತು, ವೇಗ ಹೆಚ್ಚಿತು. ಆ ವೇಗಕ್ಕೆ ಬರಿಯ ಸೀಸ ತಡೆಯುವುದಿಲ್ಲ, ಅದಕ್ಕೆ ಗಟ್ಟಿ ಲೋಹದ ಕವಚ ತೊಡಿಸಿದರು. ಹೊಸ ತೊಂದರೆ ಶುರುವಾದದ್ದು ಇಲ್ಲಿಂದ. ಪೂರ್ತಿ ಕವಚದ ಗುಂಡು ದೇಹದೊಳಗೆ ಹೊಕ್ಕು, ಸಣ್ಣ ತೂತು ಮಾಡಿ, ಆಚೆ ಹೊರಟುಹೋಗುತ್ತದೆ. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಇದು ಶತ್ರುವನ್ನು ನಿಲ್ಲಿಸುತ್ತಿಲ್ಲ ಅಂತ ಬ್ರಿಟಿಷ್ ಸೈನ್ಯದಿಂದಲೇ ದೂರು ಬಂತು. ಕಲ್ಕತ್ತಾದ ಹತ್ತಿರದ ಡಂಡಂ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬಾತ ಗುಂಡಿನ ಮೂತಿಯ ಕವಚ ತೆಗೆದು ಸೀಸ ಹೊರಗೆ ಕಾಣುವಂತೆ ಮಾಡಿದ. ದೇಹಕ್ಕೆ ತಗುಲಿದ ಕೂಡಲೇ ಅದು ಅಣಬೆಯ ಹಾಗೆ ಅರಳುತ್ತಿತ್ತು. ಗಾಯ ಎಷ್ಟು ಘೋರ ಅಂದರೆ, 1899ರ ಹೇಗ್ ಸಮ್ಮೇಳನದಲ್ಲಿ ಯುದ್ಧದಲ್ಲಿ ಇಂಥ ಗುಂಡು ಕೂಡದು ಎಂದು ಘೋಷಣೆಯಾಯಿತು.

ಆದರೆ ಬೇಟೆಯಲ್ಲಿ ನ್ಯಾಯ ತಿರುಗುಮುರುಗು. ಗಾಯಗೊಂಡ ಸೈನಿಕನಿಗೆ ಆಸ್ಪತ್ರೆ ಇದೆ, ಪ್ರಾಣಿಗೆ ಇಲ್ಲ. ತೂತು ಬಿದ್ದ ಪ್ರಾಣಿ ಮೈಲಿಗಟ್ಟಲೆ ಓಡಿ, ದಿನಗಟ್ಟಲೆ ನರಳಿ ಸಾಯುತ್ತದೆ. ಅದಕ್ಕೇ ಮನುಷ್ಯನ ಮೇಲೆ ಹಾರಿಸಬಾರದ ಅರಳುವ ಗುಂಡೇ ಬೇಟೆಗೆ ಸರಿ ಅಂತಾಯಿತು. ಎರಡೂ ಕಡೆ ಕಾರಣ ಒಂದೇ, ಕರುಣೆ!

ಆದರೆ ಎಷ್ಟು ಅರಳಬೇಕು? ಆಫ್ರಿಕಾದ ಬಯಲಿನ ಪ್ರಾಣಿಗಳಲ್ಲಿ 40 ಕಿಲೋದ ಸ್ಪ್ರಿಂಗ್‌ಬಾಕ್ ಇದೆ, ದೊಡ್ಡ ಗಂಡಾದರೆ 900 ಕಿಲೋ ತೂಗುವ ಈಲ್ಯಾಂಡ್ ಕೂಡ ಇದೆ. ಮೆತ್ತನೆಯ ಗುಂಡು ದೊಡ್ಡ ಪ್ರಾಣಿಯ ಭುಜದ ಮೂಳೆಗೆ ತಗುಲಿ ಮೇಲ್ಮೇಲೇ ಪುಡಿಯಾಗುತ್ತದೆ, ಗಟ್ಟಿಯದು ಸಣ್ಣ ಪ್ರಾಣಿಯನ್ನು ತೂರಿ ಹೋಗುತ್ತದೆ. 1909ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ ಬಯಲಿನ ಪ್ರಾಣಿಗಳಿಗೆ ಸ್ಪ್ರಿಂಗ್‌ಫೀಲ್ಡ್, ಸಿಂಹಕ್ಕೆ .405 ವಿಂಚೆಸ್ಟರ್, ಆನೆಗೆ ಭಾರಿ ಜೋಡಿ ನಳಿಗೆ ರೈಫಲ್ ಅಂತ ಬೇರೆ ಬೇರೆಯೇ ಒಯ್ದಿದ್ದ.

ಆ .405 ವಿಂಚೆಸ್ಟರ್ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದೂ ಅದೇ. ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರಿಗೆ ಆಂಡರ್ಸನ್ ಯಾರೆಂದು ಹೇಳಬೇಕಿಲ್ಲ. ಅದರ ಗುಂಡಿನ ತೂಕ 300 ಗ್ರೇನ್. ನಮ್ಮ ಗೋಲ್ಡ್ ಲೋನ್ ಲೆಕ್ಕದಲ್ಲಿ ಹೇಳಬೇಕೆಂದರೆ ಹತ್ತೊಂಬತ್ತೂವರೆ ಗ್ರಾಂ, ಒಂದೂ ಮುಕ್ಕಾಲು ತೊಲಕ್ಕೆ ಚೂರು ಕಮ್ಮಿ.

ಗುಂಡು ಕೆಲಸ ಕೆಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಚಂಪಾವತ್‌ನ ಹೆಣ್ಣು ಹುಲಿ ಸಾಕು. 1907ರಲ್ಲಿ ಜಿಮ್ ಕಾರ್ಬೆಟ್ ಅದನ್ನು ಕೊಂದಾಗ ಬಲಗಡೆಯ ಮೇಲಿನ, ಕೆಳಗಿನ ಕೋರೆಹಲ್ಲುಗಳೆರಡೂ ಮುರಿದಿದ್ದವು. ಹಿಂದೆ ಯಾರೋ ಹಾರಿಸಿದ ಗುಂಡಿನ ಫಲ. ಸಹಜ ಬೇಟೆ ಆಗದೆ ಅದು ನೇಪಾಳ, ಕುಮಾವೂಂನಲ್ಲಿ ತಿಂದ ಜನ 436 ಅಂತ ಕಾರ್ಬೆಟ್ ಲೆಕ್ಕ ಕೊಟ್ಟಿದ್ದಾನೆ. ಸಾಲ ಎತ್ತಿದವನು ಯಾರೋ, ಕಂತು ಕಟ್ಟಿದವರು ಹುಲ್ಲು ಕೊಯ್ಯಲು ಹೋದ ಹೆಂಗಸರು. ಮಲೆನಾಡಿನಲ್ಲಿ ಕೇಪಿನ ಕೋವಿ ಇಟ್ಟುಕೊಂಡಿದ್ದ ನಮ್ಮ ಅಜ್ಜ ಹೇಳುತ್ತಿದ್ದದ್ದೂ ಇಷ್ಟೇ: “ಗಾಯದ ಹಂದಿ ಬಿಟ್ಟು ಮನೆಗೆ ಬರಬ್ಯಾಡ. ನಾಳೆ ಆ ದಾರೀಲಿ ಹೋಗೋನು ನೀನಲ್ಲ, ಸೊಪ್ಪಿಗೆ ಹೋಗೋಳು.”

1946ರಲ್ಲಿ ಕೆನಡಾದಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ನನ ಗುಂಡುಗಳು ಕೆಸರು ಮೆತ್ತಿದ ಮೂಸ್ ಕಡವೆಯೊಂದನ್ನು ಬೀಳಿಸದೆ ಹೋದವು. ಅವನು ತಲೆಕೆಡಿಸಿಕೊಂಡು ಗುಂಡಿನ ನಡುವೆ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಒಡೆಯದೆ ಒಳಗೆ ನುಗ್ಗುತ್ತದೆ. 1948ರಿಂದ ಮಾರಾಟಕ್ಕೆ ಬಂದ ಈ ಗುಂಡು ಆಫ್ರಿಕಾದ ಬಯಲಿನಲ್ಲಿ ಇವತ್ತಿಗೂ ಓಡುತ್ತದೆ. ಈಚೆಗೆ ಸೀಸವೇ ಇಲ್ಲದ ತಾಮ್ರದ ಗುಂಡುಗಳೂ ಬಂದಿವೆ. ಸತ್ತ ಪ್ರಾಣಿಯೊಳಗಿನ ಸೀಸದ ಚೂರು ತಿಂದು ರಣಹದ್ದುಗಳು ಸಾಯುತ್ತವೆ ಅಂತ ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡೇ ನಿಷೇಧ. ಕರುಣೆಯ ಲೆಕ್ಕಕ್ಕೆ ಹದ್ದೂ ಸೇರಿತು ನೋಡಿ.

ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯಿಂದ ಶಿಕಾರಿಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು ಅನ್ನುವವನು ನಾನು. ಆದರೆ ಗಾಯದ ಪ್ರಾಣಿಯ ಹಿಂದೆ ಹೋಗಲೇಬೇಕು ಅನ್ನುವ ಹಳಬರ ಆ ಕಟ್ಟುಪಾಡು ಮರೆಯುವಂಥದ್ದಲ್ಲ. ನಿಮ್ಮ ಊರ ಕಡೆ ಹಿರಿಯರು ಇದನ್ನು ಹೇಗೆ ಹೇಳುತ್ತಿದ್ದರು? ನೆನಪಿದ್ದರೆ ಬರೆಯಿರಿ.