ವೃಷಭಾವತಿಯ ದಡದ ಹುಳುಮನೆ

ಬಿಡದಿ ಸೀಮೆಯ ನಮ್ಮ ಮನೆತನದ್ದು ರೇಷ್ಮೆ ಕಸುಬು. ಟಿಪ್ಪು ಇದನ್ನು ಮೈಸೂರಿಗೆ ತಂದದ್ದು 18ನೇ ಶತಮಾನದ ಕೊನೆಯಲ್ಲಿ. 1860ರ ದಶಕದಲ್ಲಿ ಇಟಲಿಯ ಡಿ ವೆಕ್ಕಿ ಕೆಂಗೇರಿಯಲ್ಲಿ ಹಬೆಯಂತ್ರದಿಂದ ನೂಲು ತೆಗೆಸಿದ. ಅದೇ ಕೆಂಗೇರಿಯನ್ನು ಹಾದು ಬರುವ ವೃಷಭಾವತಿ ಈಗ ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬೈರಮಂಗಲ ಕೆರೆಗೆ ಇಳಿಯುತ್ತದೆ. ಆ ನೀರಿನಲ್ಲಿ ಸೀಸವಿದೆ, ಕ್ರೋಮಿಯಂ ಇದೆ, ಕ್ಯಾಡ್ಮಿಯಂ ಇದೆ.

ರೇಷ್ಮೆಹುಳು ತಿನ್ನುವುದು ಹಿಪ್ಪುನೇರಳೆ ಸೊಪ್ಪೊಂದನ್ನೇ. ಸೊಪ್ಪು ಕೆಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ಈ ಕೆರೆಯ ನೀರುಣ್ಣುವ ತೋಟದಲ್ಲಿ ಬೇರು ಹೀರಿದ ಕ್ಯಾಡ್ಮಿಯಂ ಎಲೆಗೇರಿ, ಅಲ್ಲಿಂದ ಹುಳುವಿನ ಕರುಳಿಗಿಳಿಯುತ್ತದೆ. ಪ್ರಮಾಣ ಹೆಚ್ಚಿದರೆ ಹುಳು ಮೇವು ಬಿಡುತ್ತದೆ, ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಏಳುವುದು ತಡವಾಗುತ್ತದೆ, ಗೂಡು ತೆಳ್ಳಗಾಗುತ್ತದೆ. ತಿಂದ ಲೋಹದ ಬಹುಪಾಲನ್ನು ಹುಳು ಹಿಕ್ಕೆಯಲ್ಲಿ ಹೊರಹಾಕುತ್ತದೆ, ನಿಜ. ಆದರೆ ಆ ಹಿಕ್ಕೆಯನ್ನು ನಮ್ಮವ್ವ ಹುಳು ಗೂಡು ಕಟ್ಟುವ ಚಂದ್ರಂಕಿಯ ಕಸದೊಂದಿಗೆ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದಳು. ಅದು ಗೊಬ್ಬರವಾಗಿ ಮತ್ತೆ ಅದೇ ತೋಟಕ್ಕೆ. ಇದು ನನ್ನನ್ನು ಬಹಳ ಕಾಡುತ್ತದೆ.

ಅದಕ್ಕೇ ಈ ಕೆರೆಯ ನೀರಲ್ಲಿ ಬೆಳೆದ ಸೊಪ್ಪನ್ನು, ಮಣ್ಣನ್ನು ಸರ್ಕಾರ ಕಾಲಕಾಲಕ್ಕೆ ಪರೀಕ್ಷಿಸಿ, ಫಲಿತಾಂಶವನ್ನು ರೈತರ ಕೈಗೇ ಕೊಡಬೇಕು.