ಮಣೆಯಾಟಗಳ ವರ್ಚುವಲ್ ರೂಪಾಂತರ

ಮರ, ರಟ್ಟು, ಕಾಗದ, ಕವಡೆಗಳಿಂದ ಆಡುವ ಆಟವನ್ನು ಬೇರೆ ಬೇರೆ ಊರುಗಳಲ್ಲಿ ಕುಳಿತವರು ಕಂಪ್ಯೂಟರ್ ತೆರೆಯ ಮೇಲೆ ಕೂಡಿ ಆಡುವಂತೆ ಸಜ್ಜುಗೊಳಿಸುವುದಕ್ಕೆ ಈ ಹೆಸರು. ಇದರಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಆಟದ ನಿಯಮಗಳೆಲ್ಲ ತಂತ್ರಾಂಶಕ್ಕೆ ಗೊತ್ತಿರುತ್ತವೆ. ತಪ್ಪು ನಡೆಯನ್ನು ಅದು ಒಪ್ಪುವುದೇ ಇಲ್ಲ. ಇನ್ನೊಂದರಲ್ಲಿ ತಂತ್ರಾಂಶಕ್ಕೆ ತಿಳಿದಿರುವುದು ಮೇಜು, ಕಾಯಿ, ದಾಳ, ಎಲೆಗಳಷ್ಟೇ. ನಿಯಮ ಆಡುವವರ ತಲೆಯಲ್ಲಿರುತ್ತದೆ. ವರ್ಚುವಲ್ ಟೇಬಲ್‌ಟಾಪ್ ಎಂಬ ಮಾತು ಮುಖ್ಯವಾಗಿ ಸಲ್ಲುವುದು ಈ ಎರಡನೆಯದಕ್ಕೆ.

ದೂರದಲ್ಲಿದ್ದು ಆಡುವ ಆಸೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಲಂಡನ್ ಮತ್ತು ಎಡಿನ್‌ಬರೋ ಚೆಸ್ ಕ್ಲಬ್ಬುಗಳು ಅಂಚೆಯಲ್ಲಿ ನಡೆಗಳನ್ನು ಬರೆದು ಕಳಿಸುತ್ತ ಆಡಿದ ಪಂದ್ಯ 1824ರಲ್ಲಿ ಶುರುವಾಗಿ 1828ರವರೆಗೆ ನಡೆಯಿತು. ಅಮೆರಿಕದ ಅಲನ್ ಕ್ಯಾಲಮರ್ 1959ರಲ್ಲಿ ಹೊರತಂದ ‘ಡಿಪ್ಲೊಮಸಿ’ಯಲ್ಲಿ ದಾಳವಿಲ್ಲ, ಎಲ್ಲರ ನಡೆಗಳೂ ಏಕಕಾಲಕ್ಕೆ ಬಯಲಾಗುತ್ತವೆ. ಅಂಚೆಗೆ ಹೇಳಿ ಮಾಡಿಸಿದಂಥ ಆಟ. 1963ರಲ್ಲಿ ಜಾನ್ ಬೋರ್ಡ್‌ಮನ್ ಅದಕ್ಕೆಂದೇ ‘ಗ್ರೌಸ್ಟಾರ್ಕ್’ ಎಂಬ ಪುಟ್ಟ ಪತ್ರಿಕೆ ತೆಗೆದರು. ದಾಳ ಬೇಕಾದ ಯುದ್ಧದಾಟಗಳಲ್ಲಿ ಮಾತ್ರ ತೊಡಕಿತ್ತು: ನೂರಾರು ಮೈಲಿ ದೂರದಲ್ಲಿರುವ ಎದುರಾಳಿ ‘ಆರು ಬಿತ್ತು’ ಎಂದು ಬರೆದರೆ ನಂಬುವುದು ಹೇಗೆ? ಆವಲಾನ್ ಹಿಲ್ ಪ್ರಕಾಶನದ ಆಟಗಳನ್ನು ಅಂಚೆಯಲ್ಲಿ ಆಡುತ್ತಿದ್ದವರು ಇದಕ್ಕೆ ಷೇರುಪೇಟೆಯ ಮೊರೆ ಹೋದರು. ಯಾವ ದಿನದ, ಯಾವ ಕಂಪನಿಯ ಷೇರು ವಹಿವಾಟಿನ ಅಂಕಿ ನೋಡಬೇಕೆಂದು ಮುಂಚೆಯೇ ಬರೆದು ಕಳಿಸುವುದು. ಆ ದಿನದ ಪತ್ರಿಕೆಯಲ್ಲಿ ಅಚ್ಚಾದ ಸಂಖ್ಯೆಯ ಕೊನೆಯ ಅಂಕಿಯನ್ನೇ ದಾಳದ ಗರವೆಂದು ಹಿಡಿಯುವುದು. ಇಬ್ಬರೂ ಮುಟ್ಟಲಾಗದ, ಇಬ್ಬರೂ ನೋಡಬಹುದಾದ ದಾಳ ಅದು. ಇಂದು ತಂತ್ರಾಂಶ ಎಲ್ಲರ ಕಣ್ಣೆದುರು ದಾಳ ಎಸೆದು ಫಲವನ್ನು ದಾಖಲಿಸುವುದೂ ಇದೇ ಕೆಲಸ.

ನಿಯಮ ಹೇರದ ಮೇಜಿಗೆ ಗಟ್ಟಿ ರೂಪ ಬಂದದ್ದು 1990ರ ದಶಕದ ಕೊನೆಯಲ್ಲಿ. ಆವಲಾನ್ ಹಿಲ್‌ನ ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ (1985) ಎರಡನೆಯ ಮಹಾಯುದ್ಧದ ಕುರಿತ ಅತಿ ಜಟಿಲ ಆಟ. ನಿಯಮಗಳೇ ಒಂದು ದಪ್ಪ ಕಡತ. ಅಷ್ಟು ಓದಿಕೊಂಡ ಎದುರಾಳಿ ಒಂದೇ ಊರಿನಲ್ಲಿ ಸಿಗುವುದು ದುರ್ಲಭ. ರಾಡ್ನಿ ಕಿನ್ನಿ ಈ ಆಟಕ್ಕಾಗಿ ಜಾವಾ ಭಾಷೆಯಲ್ಲಿ ‘ವ್ಯಾಸಲ್’ ಎಂಬ ತಂತ್ರಾಂಶ ಬರೆದರು. ಆಟದ ನಿಯಮಗಳನ್ನು ಅದರೊಳಗೆ ತುಂಬಲು ಹೋಗದೆ, ನಕ್ಷೆ ಹಾಸಿ ಕಾಯಿ ಸರಿಸುವಷ್ಟಕ್ಕೆ ನಿಂತದ್ದೇ ಅವರ ಜಾಣತನ. ಹಾಗೆ ನಿಂತದ್ದರಿಂದಲೇ ಒಂದು ಆಟಕ್ಕೆ ಬರೆದದ್ದು ಯಾವ ಆಟಕ್ಕಾದರೂ ಒದಗುವಂತಾಯಿತು, ‘ವ್ಯಾಸಲ್ ಎಂಜಿನ್’ ಆಗಿ ಬೆಳೆಯಿತು. ಅದು ಇಂದಿಗೂ ಉಚಿತ. ಮುಕ್ತ ತಂತ್ರಾಂಶವಾಗಿ ಸ್ವಯಂಸೇವಕರ ಕೈಯಲ್ಲಿದೆ.

ವ್ಯಾಸಲ್‌ಗೆ ಆಟವನ್ನು ಇಳಿಸುವ ಬಗೆ ಹೀಗೆ. ನಕ್ಷೆಯನ್ನು ಸ್ಕ್ಯಾನ್ ಮಾಡಿ ಅದರ ಮೇಲೆ ಷಟ್ಕೋನದ ಜಾಲ ಹೊಂದಿಸಬೇಕು, ಕಾಯಿ ತಂತಾನೇ ಮನೆಯ ನಡುವೆ ಕೂರುವಂತೆ. ಪ್ರತಿ ಕಾಯಿಗೂ ಎರಡು ಮುಖಗಳ ಚಿತ್ರ. ಒಂದು ಕೀಲಿ ಒತ್ತಿದರೆ ಮಗುಚಿಕೊಂಡು, ಪೆಟ್ಟು ತಿಂದ ತುಕಡಿಯ ಮುಖ ಕಾಣುತ್ತದೆ. ಎದುರಾಳಿಗೆ ಕಾಣಬಾರದ ಕಾಯಿಗೆ ಮುಸುಕು. ನಡೆಗಳೆಲ್ಲ ಒಂದು ದಾಖಲೆಯಲ್ಲಿ ಉಳಿಯುತ್ತವೆ. ಅದನ್ನು ಇ-ಮೇಲ್‌ನಲ್ಲಿ ಕಳಿಸಿದರೆ ಎದುರಾಳಿ ತನಗೆ ಬಿಡುವಾದಾಗ ತೆರೆದು ಒಂದೊಂದೇ ನಡೆಯನ್ನು ನೋಡಿ ಉತ್ತರಿಸಬಹುದು. ಅಂಚೆಯಾಟದ ಕ್ರಮ ಹೀಗೆ ಹೊಸ ಮನೆಗೂ ಬಂದು ಸೇರಿತು. ಇಷ್ಟನ್ನೂ ಮಾಡಿದವರು ಬಹುಪಾಲು ಸಂಬಳವಿಲ್ಲದ ಹವ್ಯಾಸಿಗಳು. ಅಂಗಡಿಯಲ್ಲಿ ಸಿಗದ ಎಷ್ಟೋ ಹಳೆಯ ಆಟಗಳನ್ನು ಇಂದೂ ಆಡಲು ಸಾಧ್ಯವಾಗಿರುವುದು ಅವರಿಂದ.

ನಿಯಮ ಬಲ್ಲ ತಾಣಗಳ ದಾರಿ ಬೇರೆ. ಜರ್ಮನಿಯ ‘ಬ್ರೆಟ್‌ಸ್ಪೀಲ್‌ವೆಲ್ಟ್’ ಮೊದಲ ತಲೆಮಾರಿನದು. 2010ರಲ್ಲಿ ಫ್ರಾನ್ಸಿನ ಗ್ರೆಗೊರಿ ಇಸಾಬೆಲಿ ಮತ್ತು ಎಮ್ಯಾನ್ಯುಯೆಲ್ ಕೊಲಿನ್ ‘ಬೋರ್ಡ್ ಗೇಮ್ ಅರೀನಾ’ ಆರಂಭಿಸಿದರು. ಬ್ರೌಸರ್ ತೆರೆದರೆ ಸಾಕು, ಆಟ ಸಿದ್ಧ. ಅಂಕ ಎಣಿಸುವುದು, ಸರದಿ ಕಾಯುವುದು, ತಪ್ಪು ನಡೆ ತಡೆಯುವುದು ಎಲ್ಲ ತಾಣದ ಕೆಲಸ. ಪ್ರಕಾಶಕರ ಅನುಮತಿ ಪಡೆದು ಸ್ವಯಂಸೇವಕರೇ ಆಟಗಳಿಗೆ ಕೋಡ್ ಬರೆಯುವ ವ್ಯವಸ್ಥೆಯೂ ಅಲ್ಲಿದೆ. ಹೊಸಬರು ನಿಯಮ ಕಲಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

2015ರಲ್ಲಿ ಬರ್ಸರ್ಕ್ ಗೇಮ್ಸ್ ಸಂಸ್ಥೆಯ ‘ಟೇಬಲ್‌ಟಾಪ್ ಸಿಮ್ಯುಲೇಟರ್’ ಬಂದಾಗ ಮೇಜಿಗೆ ಮೂರು ಆಯಾಮ ಬಂತು. ಇಲ್ಲಿ ದಾಳಕ್ಕೆ ತೂಕವಿದೆ, ಅದು ಉರುಳಿ ಬೇರೆ ಕಾಯಿಗೆ ತಾಗುತ್ತದೆ. ಸೋತವರು ಮೇಜನ್ನೇ ಮಗುಚಿ ಹಾಕಲು ಒಂದು ಗುಂಡಿಯೂ ಇದೆ. ಆಟ ಇಳಿಸುವವರ ಕೆಲಸ ಮಾತ್ರ ಅದೇ ಹಳೆಯ ತಾಳ್ಮೆಯದು. ಎಲೆಗಳ ಕಟ್ಟಿಗೆ ಅಡ್ಡ ಹತ್ತು, ಉದ್ದ ಏಳರಂತೆ ಒಂದೇ ದೊಡ್ಡ ಹಾಳೆಯಲ್ಲಿ ಚಿತ್ರಗಳನ್ನು ಜೋಡಿಸಬೇಕು. ಹಾಳೆಯ ಕೊನೆಯ ಜಾಗ ಎದುರಾಳಿಯ ಕೈಯಲ್ಲಿರುವ ಎಲೆ ನಮಗೆ ಹೇಗೆ ಕಾಣಬೇಕೋ ಆ ಚಿತ್ರಕ್ಕೆ ಮೀಸಲು. ಲುವಾ ಭಾಷೆ ಬಲ್ಲವರು ಆಟದ ಆರಂಭದ ಜೋಡಣೆಯನ್ನು ಒಂದೇ ಗುಂಡಿಗೆ ಒಪ್ಪಿಸುತ್ತಾರೆ. ಆಟದ ವಿನ್ಯಾಸಕರಿಗೆ ಇದರಿಂದ ಆದ ಉಪಕಾರ ದೊಡ್ಡದು: ಅಚ್ಚಿಗೆ ಹೋಗುವ ಮುನ್ನ ಆಟವನ್ನು ಪರೀಕ್ಷಿಸಲು ಕಾಗದ ಕತ್ತರಿಸಿ ಅಂಟಿಸುವ ಬದಲು ಒಂದು ಚಿತ್ರ ಬದಲಿಸಿದರಾಯಿತು.

ಬೇರೊಬ್ಬರ ಆಟವನ್ನು ತೆರೆಗೆ ಇಳಿಸಿದರೆ ಹಕ್ಕು ಯಾರದು ಎಂಬ ಪ್ರಶ್ನೆಗೆ ಹೆಸರಾಂತ ಉತ್ತರವೊಂದು ಬಂದದ್ದು ಭಾರತದಿಂದ. ಕೋಲ್ಕತ್ತದ ಸಹೋದರರಾದ ರಜತ್ ಮತ್ತು ಜಯಂತ್ ಅಗರ್‌ವಾಲಾ ಅವರ ‘ಸ್ಕ್ರ್ಯಾಬ್ಯುಲಸ್’ ಫೇಸ್‌ಬುಕ್‌ನಲ್ಲಿ ಅಪಾರ ಜನಪ್ರಿಯವಾಯಿತು. ಸ್ಕ್ರ್ಯಾಬಲ್‌ನ ಹಕ್ಕು ಅಮೆರಿಕ, ಕೆನಡಾಗಳಲ್ಲಿ ಹ್ಯಾಸ್‌ಬ್ರೊದ್ದು, ಉಳಿದೆಡೆ ಮ್ಯಾಟೆಲ್‌ನದು. ಎರಡೂ ಕಂಪನಿಗಳು ದಾವೆ ಹೂಡಿದವು. 2008ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು, ಆಟದ ಮಣೆ ಮತ್ತು ನಿಯಮಗಳ ಮೇಲೆ ಮ್ಯಾಟೆಲ್ ಕೇಳಿದ ಕೃತಿಸ್ವಾಮ್ಯವನ್ನು ಒಪ್ಪಲಿಲ್ಲ. ಹೆಸರು ಮಾತ್ರ ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದಿತು. ಆಟ ‘ಲೆಕ್ಸುಲಸ್’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಆಡುವ ವಿಧಾನಕ್ಕೆ ಒಡೆಯರಿಲ್ಲ, ಚಿತ್ರ, ಬರಹ, ಹೆಸರುಗಳಿಗೆ ಇದ್ದಾರೆ ಎಂಬುದೇ ಈ ಕ್ಷೇತ್ರದವರೆಲ್ಲ ನೆನಪಿಡಬೇಕಾದ ಗೆರೆ. ಅನುಮತಿಯಿಲ್ಲದೆ ಪ್ರಕಾಶಕರ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಹಂಚುವುದು ವಾಡಿಕೆಯಾಗಿದ್ದರೂ ಅದರಿಂದ ಚಿತ್ರಕಾರರಿಗೆ ನಷ್ಟವೇ.

2020ರ ಕೋವಿಡ್ ಕಾಲದಲ್ಲಿ ಎದುರು ಬದುರು ಕುಳಿತು ಆಡುವುದು ನಿಂತುಹೋಗಿ, ಹವ್ಯಾಸಿಗಳ ಹಿತ್ತಿಲು ಹೆದ್ದಾರಿಯಾಯಿತು. ಜರ್ಮನಿಯ ಎಸೆನ್ ನಗರದ ಪ್ರಸಿದ್ಧ ಆಟದ ಮೇಳ ಆ ವರ್ಷ ಅಂತರಜಾಲದಲ್ಲೇ ನಡೆಯಿತು. 2021ರಲ್ಲಿ ಫ್ರಾನ್ಸಿನ ದೊಡ್ಡ ಪ್ರಕಾಶನ ಸಂಸ್ಥೆ ಆಸ್ಮೊಡೆ, ಬೋರ್ಡ್ ಗೇಮ್ ಅರೀನಾವನ್ನು ಕೊಂಡುಕೊಂಡಿತು.

ಭಾರತದಲ್ಲಿ ಇದೇ ಅವಧಿಯಲ್ಲಿ ಮುಂಬಯಿಯ ‘ಲೂಡೊ ಕಿಂಗ್’ (2016) ಮನೆಮಾತಾಯಿತು. ಅದು ನಿಯಮ ಬಲ್ಲ ಬಗೆಯ ಆಟ. ಕರ್ನಾಟಕದ ಆಟಗಳನ್ನು ಈ ಬಗೆಗೆ ಒಗ್ಗಿಸುವಾಗ ಹೆಚ್ಚು ಎಚ್ಚರ ಬೇಕು. ಚೌಕಾಬಾರವನ್ನೇ ನೋಡಿ. ನಾಲ್ಕು ಕವಡೆ ಎಸೆದರೆ ಬೀಳುವ ಗರ ಐದು: ಒಂದು, ಎರಡು, ಮೂರು, ಚೌಕ (4), ಬಾರ (8). ಕೋಡ್ ಬರೆಯುವವರು ಈ ಐದಕ್ಕೂ ಸಮಪಾಲು ಕೊಟ್ಟರೆ ಚೌಕ, ಬಾರಗಳು ಐದರಲ್ಲಿ ಒಂದೊಂದು ಸಲ ಬೀಳುತ್ತವೆ. ಕವಡೆ ಅಂಗಾತ ಬೀಳುವುದು, ಬೋರಲು ಬೀಳುವುದು ಸರಿಸಮ ಎಂದು ಹಿಡಿದರೂ ಅವು ಬೀಳಬೇಕಾದದ್ದು 16ರಲ್ಲಿ ಒಂದೊಂದು ಸಲ. ಎರಡು ಬೀಳುವುದು 16ರಲ್ಲಿ ಆರು ಸಲ. ನಿಜವಾದ ಕವಡೆಯಂತೂ ಎರಡೂ ಮಗ್ಗುಲಿಗೆ ಸಮನಾಗಿ ಬೀಳುವ ವಸ್ತುವಲ್ಲ. ಚೌಕ, ಬಾರ ಬಿದ್ದವರಿಗೆ ಮತ್ತೊಂದು ಎಸೆತ ಸಿಗುವುದರಿಂದ ಈ ಒಂದು ತಪ್ಪು ಇಡೀ ಆಟದ ಹದ ಕೆಡಿಸುತ್ತದೆ. ಅಳಿಗುಳಿಮಣೆಯ ತೊಡಕು ಇನ್ನೊಂದು. ಹದಿನಾಲ್ಕು ಗುಳಿಯ ಆ ಮಣೆಯಲ್ಲಿ ಗುಳಿಗೆ ಎಷ್ಟು ಕಾಯಿ, ಖಾಲಿ ಗುಳಿ ಸಿಕ್ಕಾಗ ಏನು ಮಾಡಬೇಕು ಎಂಬುದು ಊರಿಂದ ಊರಿಗೆ ಬೇರೆ; ತುಳುನಾಡಿನ ಚೆನ್ನೆಮಣೆಯಲ್ಲೇ ಹಲವು ಆಟಗಳಿವೆ. ಒಂದು ಪಾಠವನ್ನೇ ನಿಯಮವೆಂದು ಕೋಡಿನಲ್ಲಿ ಗಟ್ಟಿ ಮಾಡಿದರೆ ಉಳಿದವು ಮರೆಗೆ ಸರಿಯುತ್ತವೆ.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ತನ್ನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಈ ಮಣೆಗಳನ್ನು ಮತ್ತೆ ಜನರ ಕೈಗೆ ಕೊಡುತ್ತ ಬಂದಿದೆ. ಅವನ್ನು ತೆರೆಗೆ ತರುವವರಿಗೆ ನಿಯಮ ಹೇರದ ಮೇಜೇ ಸೂಕ್ತ: ಮಣೆ, ಕಾಯಿ, ಕವಡೆಗಳನ್ನು ಸರಿಯಾಗಿ ಕೊಟ್ಟು, ನಿಯಮವನ್ನು ಆಯಾ ಮನೆಯವರಿಗೆ ಬಿಡಬೇಕು. ಈ ಆಟಗಳಿಗೆ ಪ್ರಕಾಶಕರ ಅನುಮತಿಯೂ ಬೇಕಿಲ್ಲ. ಬೇಕಾಗಿರುವುದು ಕೋಡ್ ಬಲ್ಲ ಕನ್ನಡದ ತರುಣರು ತಮ್ಮ ಅಜ್ಜಿಯರ ಜೊತೆ ಕುಳಿತು, ಅವರು ಆಡುವ ಪದ್ಧತಿಯನ್ನು ಊರಿನ ಹೆಸರಿನೊಂದಿಗೆ ಬರೆದುಕೊಳ್ಳುವುದು. ಆ ಕೆಲಸ ಈಗಲೇ ಆಗಬೇಕು.