ಯಾವ ಹೊಳೆಯ ಮೀನು?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಅಂಗಡಿಯೊಂದರಿಂದ ‘ಕರಿಮೀನು’ ಎಂಬ ಹೆಸರಲ್ಲಿ ಮೂರು ಮರಿಗಳನ್ನು ತಂದೆ. ಮೈತುಂಬ ಕಪ್ಪು ಪಟ್ಟೆ, ನಡುನಡುವೆ ಮುತ್ತಿನಂಥ ಚುಕ್ಕೆ. ಹಿನ್ನೀರಿನ ಮೀನು, ತೊಟ್ಟಿಗೆ ಸ್ವಲ್ಪ ಉಪ್ಪು ಹಾಕಿ ಎಂದರು, ಹಾಕಿದೆ. ಮರಿಗಳು ಮೂಲೆ ಹಿಡಿದವು, ಮೇವು ಮುಟ್ಟಲಿಲ್ಲ. ಆಗ ಮನೆಗೆ ಬಂದಿದ್ದ ಸುಬ್ರಹ್ಮಣ್ಯದ ಗೆಳೆಯರು ಗಾಜಿಗೆ ಮುಖವಿಟ್ಟು ನೋಡಿ, “ಇದು ಕರಿಮೀನಲ್ಲ ಮಾರಾಯ್ರೆ, ನಮ್ಮ ಕುಮಾರಧಾರೆಯದ್ದು!” ಎಂದರು. ನೀರು ಬದಲಿಸಿದೆ. ಎರಡು ದಿನಕ್ಕೆ ಮರಿಗಳು ಮೇವಿಗೆ ಬಂದವು. ನಾನು ಪುಸ್ತಕ ಹಿಡಿದೆ.

ಸಿಕ್ಲಿಡ್ ಕುಟುಂಬದ ಬಹುಪಾಲು ಮೀನುಗಳು ಆಫ್ರಿಕಾ ಮತ್ತು ದಕ್ಷಿಣ, ಮಧ್ಯ ಅಮೆರಿಕದವು. ಭಾರತಕ್ಕೆ ಸಹಜವಾದವು ಮೂರೇ. ಅವುಗಳ ಹತ್ತಿರದ ನೆಂಟರು ಇರುವುದು ದೂರದ ಮಡಗಾಸ್ಕರ್‌ನಲ್ಲಿ.

ಮೂರರಲ್ಲಿ ಮೊದಲು ಹೆಸರು ಪಡೆದದ್ದು ಕರಿಮೀನು. 1790ರಲ್ಲಿ ಬರ್ಲಿನ್ನಿನ ವೈದ್ಯ ಮಾರ್ಕಸ್ ಬ್ಲಾಕ್ ಅದನ್ನು ಕಡಲಿನ ಚಿಟ್ಟೆಮೀನುಗಳ ಸಾಲಿಗೆ ಸೇರಿಸಿ, ಸೂರತ್ತಿನ ಹೆಸರಿಟ್ಟು ‘ಸುರಾಟೆನ್ಸಿಸ್’ ಎಂದು ಕರೆದ. ಅದರ ಮುಖ್ಯ ನೆಲೆಯೋ ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ಅಳಿವೆ, ಹಿನ್ನೀರುಗಳು. 1795ರಲ್ಲಿ ಅವನೇ ಹೆಸರಿಸಿದ ಹಳದಿ ಮೈಯ ‘ಮ್ಯಾಕ್ಯುಲೇಟಸ್’ ಚಿಕ್ಕದು; ಪಕ್ಕೆಯ ಮೇಲಿನ ಕಪ್ಪು ಮಚ್ಚೆಯಿಂದಲೇ ಗುರುತು ಸಿಗುತ್ತದೆ.

ಗೊಂದಲ ಹುಟ್ಟಿಸುವುದು ಮೂರನೆಯದು. ಮದ್ರಾಸ್ ಸೇನೆಯ ವೈದ್ಯನಾಗಿ ಬಂದು, ಮುಂದೆ ಭಾರತದ ಮೀನುಗಾರಿಕೆಯ ಮೇಲ್ವಿಚಾರಣೆಗೆ ನೇಮಕಗೊಂಡ ಫ್ರಾನ್ಸಿಸ್ ಡೇ, 1877ರಲ್ಲಿ ದಕ್ಷಿಣ ಕನ್ನಡದ ಪಟ್ಟೆಮೀನನ್ನು ಬೇರೆ ಪ್ರಭೇದವೆಂದು ಗುರುತಿಸಿ ‘ಕೆನರೆನ್ಸಿಸ್’ ಎಂದ. ಸೂರತ್ತಿನ ಹೆಸರು ದಾರಿ ತಪ್ಪಿಸಿದರೆ, ಕೆನರಾದ ಹೆಸರು ನೇರ ಮನೆಗೇ ಕರೆದೊಯ್ಯುತ್ತದೆ.

ಹಾಗಾದರೆ ಇವೆರಡನ್ನು ಬೇರೆ ಮಾಡುವುದು ಹೇಗೆ? ಕರಿಮೀನಿನ ಎದೆಯ ರೆಕ್ಕೆಯ ಬುಡದಲ್ಲಿ ಕಪ್ಪು ಮಚ್ಚೆ ಎದ್ದು ಕಾಣುತ್ತದೆ, ಮೈ ಹಸಿರುಬೂದು. ಕೆನರಾದ ಮೀನಿನಲ್ಲಿ ಹಳದಿ ಛಾಯೆ ಹೆಚ್ಚು, ಪಟ್ಟೆಗಳು ಅಗಲ. ಆದರೆ ಬಣ್ಣವೊಂದನ್ನೇ ನಂಬಿದರೆ ಕೆಟ್ಟೆವು. ಹೆದರಿದಾಗ, ಜಗಳಕ್ಕೆ ನಿಂತಾಗ, ಮರಿ ಕಾಯುವಾಗ ಸಿಕ್ಲಿಡ್‌ಗಳ ಬಣ್ಣ ಬದಲಾಗುತ್ತದೆ. ಪಟ್ಟೆ ಗಾಢವಾಗುತ್ತದೆ, ಮಾಸುತ್ತದೆ. ಬದಲಾಗದ್ದು ಹುಟ್ಟಿದ ಊರು. ಕರಿಮೀನು ಉಪ್ಪುನೀರಿಗೂ ಸಿಹಿನೀರಿಗೂ ಹೊಂದಿಕೊಳ್ಳುತ್ತದೆ. ಕೆನರಾದ್ದು ಸಿಹಿನೀರಿನ ಹೊಳೆಯ ಮೀನು.

ಅಂಗಡಿಯ ಪ್ಲಾಸ್ಟಿಕ್ ಚೀಲ ಅಳಿಸಿಹಾಕುವುದು ಈ ಊರನ್ನೇ. 2010ರಲ್ಲಿ ಕರಿಮೀನು ಕೇರಳದ ರಾಜ್ಯಮೀನಾಯಿತು. ಅದನ್ನು ಸಾಕುತ್ತಾರೆ, ಕೆರೆಕುಂಟೆಗಳಿಗೆ ಬಿಡುತ್ತಾರೆ. ಕೆನರಾದ ಮೀನು ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನದೆಂದು ದಾಖಲಾಗಿದೆ. ಎರಡಕ್ಕೂ ಒಂದೇ ಚೀಟಿ ಅಂಟಿಸಿ ಮಾರಿದರೆ, ಹೊಳೆಯಿಂದ ಎಷ್ಟು ಹೋದವೆಂದು ಲೆಕ್ಕ ಇಡುವವರಾರು?

ಇವತ್ತು ಯಾರಾದರೂ ಪಟ್ಟೆಮೀನಿನ ಚಿತ್ರ ಕಳಿಸಿ ಹೆಸರು ಕೇಳಿದರೆ, ನಾನು ಮೊದಲು ಕೇಳುವುದು ನನ್ನ ಗೆಳೆಯರಿಂದ ಕಲಿತ ಪ್ರಶ್ನೆಯನ್ನೇ: ಇದು ಯಾವ ಹೊಳೆಯದು?